ಕರ್ತೃಪದ ಕಾಣೆಯಾಗಿದೆ

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಒಂದು ಸಲಹೆ ಮುಂದಿಟ್ಟರು. ನಮ್ಮ ಪತ್ರಿಕೆಯಲ್ಲಿ ಬರುವ ಕಥೆ, ಲೇಖನಗಳ ಭಾಷೆ ದಿನೇ ದಿನೇ ಆಡುಮಾತಿನ ಮಟ್ಟಕ್ಕೆ ಇಳಿಯುತ್ತಿದೆಯಂತೆ. ಹೊರನಾಡಿನಲ್ಲಿ ಕನ್ನಡದ ಘನತೆಯನ್ನು ಎತ್ತಿಹಿಡಿಯಬೇಕಾದ ಪತ್ರಿಕೆ ಹೀಗಾಗಬಾರದಂತೆ. ಆದಕಾರಣ ಮುಂದಿನ ವರ್ಷದ ಕಥಾಸ್ಪರ್ಧೆಯ ನಿಯಮಗಳಲ್ಲಿ 'ಭಾಷೆಯು ಪ್ರೌಢವೂ ಗಂಭೀರವೂ ಆಗಿರತಕ್ಕದ್ದು' ಎಂಬ ಸಾಲನ್ನು ಸೇರಿಸಬೇಕಂತೆ. ಸಭೆಯಲ್ಲಿದ್ದವರು ತಲೆಯಾಡಿಸಿದರು. ಅಷ್ಟರಲ್ಲಿ ಕಾಫಿ ಬಂತು. ನಡವಳಿ ಪುಸ್ತಕದಲ್ಲಿ 'ಸಲಹೆಯನ್ನು ಸ್ವೀಕರಿಸಲಾಯಿತು' ಎಂದು ಬರೆದದ್ದಾಯಿತು.

ಸ್ವೀಕರಿಸಿದವರು ಯಾರು? ನಾವಂತೂ ಅಲ್ಲ. ಆದರೆ ಆಗ ಬಾಯಿ ಬಿಡದೆ ಬಿಸ್ಕತ್ತು ತಿನ್ನುತ್ತ ಕುಳಿತದ್ದು ನಮ್ಮದೇ ತಪ್ಪು. ಅದನ್ನು ತಿದ್ದಿಕೊಳ್ಳುವುದಕ್ಕಾಗಿ ಈ ಲೇಖನ. ಇದರಲ್ಲಿ ಕೆಲವು ಮಾತುಗಳು ಕಹಿಯೆನಿಸಿದರೆ ಹಿರಿಯರು ಕ್ಷಮಿಸಬೇಕು. ಕ್ಷಮಿಸದಿದ್ದರೂ ಸರಿಯೆ, ಓದಬೇಕು.

ನಮ್ಮ ಅಭಿಪ್ರಾಯ ಆ ಸಲಹೆಗೆ ನೇರ ವಿರುದ್ಧವಾದುದು. ನಮ್ಮ ಪತ್ರಿಕೆಯ ಭಾಷೆ ಆಡುಮಾತಿನ ಮಟ್ಟಕ್ಕೆ ಇಳಿದಿಲ್ಲ. ಆಡುಮಾತಿನ ಮಟ್ಟಕ್ಕೆ ಅದಿನ್ನೂ ಏರಬೇಕಾಗಿದೆ. ನಮ್ಮಲ್ಲಿ ಬರೆಯುವವರಿಗೆ ಪದಗಳ ಕೊರತೆಯಿಲ್ಲ, ವ್ಯಾಕರಣದ ಕೊರತೆಯೂ ಇಲ್ಲ. ಕೊರತೆ ಇರುವುದು ಧೈರ್ಯದ್ದು. ಯಾರು ಏನು ಮಾಡಿದರು ಎಂಬುದನ್ನು ನೇರವಾಗಿ ಹೇಳಲು ನಾವು ಅಂಜುತ್ತೇವೆ. ಆ ಅಂಜಿಕೆಗೆ ಹೊದಿಸಿದ ಶಾಲಿಗೆ 'ಪ್ರೌಢ ಭಾಷೆ' ಎಂದು ಹೆಸರಿಟ್ಟುಕೊಂಡಿದ್ದೇವೆ.

ಈ ಮಾತನ್ನು ಹೇಳಲು ನಮಗೇನು ಅಧಿಕಾರ ಎಂದು ಕೇಳಬಹುದು. ನಾವು ಸಾಹಿತಿಗಳಲ್ಲ. ಊರಲ್ಲಿ ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಇಪ್ಪತ್ತು ವರ್ಷದ ಹಿಂದೆ ಈ ದೆಹಲಿಗೆ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಗಿರಿ ಮಾಡುತ್ತಿರುವವರು. ಆದರೆ ಮಾಡಿದವನ ಹೆಸರನ್ನು ವಾಕ್ಯದಿಂದ ಮಾಯ ಮಾಡುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರು ಈ ಸಂಘದಲ್ಲಿ ಯಾರೂ ಇಲ್ಲ. ಅದು ನಮ್ಮ ಹೊಟ್ಟೆಪಾಡು. 'ಪರಿಶೀಲಿಸಲಾಗಿದೆ', 'ತೀರ್ಮಾನಿಸಲಾಗಿದೆ', 'ವಿಷಾದಿಸಲಾಗಿದೆ' ಇವೇ ನಮ್ಮ ಕುಲದೇವತೆಗಳು. ಹಿಂದೆ ಕಡತ ಕೆಂಪು ದಾರದಲ್ಲಿತ್ತು, ಈಗ ಗಣಕದೊಳಗೆ ಸೇರಿದೆ. ಭಾಷೆ ಮಾತ್ರ ಅಂದಿನದೇ. ಕಳ್ಳನಿಗೆ ಕಳ್ಳನ ಹೆಜ್ಜೆ ಗೊತ್ತಾಗುವಂತೆ, ನಮ್ಮ ಕಚೇರಿಯ ಹೆಜ್ಜೆ ಪತ್ರಿಕೆಯ ಕಥೆಗಳಲ್ಲಿ ಮೂಡಿದಾಗ ನಮಗೆ ಕೂಡಲೇ ಗೊತ್ತಾಗುತ್ತದೆ.

ಕನ್ನಡದ ಕ್ರಿಯಾಪದ ಎಷ್ಟು ಪ್ರಾಮಾಣಿಕವಾದದ್ದು ಎಂಬುದನ್ನು ಸ್ವಲ್ಪ ನೋಡೋಣ. 'ಬಂದಳು' ಎಂದರೆ ಸಾಕು: ಬಂದದ್ದು ಹೆಣ್ಣು, ಬಂದದ್ದು ಒಬ್ಬಳೇ, ಅವಳು ನಾನೂ ಅಲ್ಲ ನೀನೂ ಅಲ್ಲ ಎಂಬ ಮೂರೂ ಸಂಗತಿ ತಿಳಿಯುತ್ತದೆ. 'ಬಂದೆನು' ಎಂದರೆ ಬಂದವನು ನಾನೇ, ತಪ್ಪಿಸಿಕೊಳ್ಳುವಂತಿಲ್ಲ. ಇಂಗ್ಲಿಷಿನ 'ಕೇಮ್' ಎಂಬ ಪದಕ್ಕೆ ಈ ಬಾಲವಿಲ್ಲ. ಬಂದವರು ಯಾರೆಂದು ಮುಂದೆ ಬೇರೊಂದು ಪದವನ್ನಿಟ್ಟು ಹೇಳಬೇಕು. ನಮ್ಮ ಭಾಷೆಯಲ್ಲಾದರೋ ಮಾಡಿದವನ ಗುರುತನ್ನು ಕ್ರಿಯಾಪದ ತನ್ನ ಬಾಲದಲ್ಲೇ ಹೊತ್ತು ತಿರುಗುತ್ತದೆ. ಇಂಥ ಭಾಷೆಯಲ್ಲಿ ಮಾಡಿದವನನ್ನು ಅಡಗಿಸಬೇಕಾದರೆ ಬಾಲವನ್ನೇ ಕತ್ತರಿಸಬೇಕು. 'ಮಾಡಲಾಯಿತು', 'ಮಾಡಲ್ಪಟ್ಟಿತು' ಎಂಬುವು ಹೀಗೆ ಬಾಲ ಕತ್ತರಿಸಿದ ಪದಗಳು. ಅವನು ಹೋದ, ಅವಳು ಹೋದಳು, ನಾನೂ ಹೋದೆ. ಉಳಿದದ್ದು 'ಅದು' ಒಂದೇ.

ಶಾಲೆಯಲ್ಲಿ ನಮಗೆ ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವ ಲೆಕ್ಕ ಕೊಡುತ್ತಿದ್ದರು. 'ರಾಮನು ರಾವಣನನ್ನು ಕೊಂದನು' ಎಂಬುದು 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದಾಗುತ್ತಿತ್ತು. ಕನ್ನಡ ಮಾತಾಡುವ ಯಾವ ತಾಯಿಯೂ ಮಗುವಿಗೆ ರಾಮಾಯಣವನ್ನು ಹೀಗೆ ಹೇಳಲಾರಳು. ಆದರೂ ಶಾಲೆಯವರು ವಾಸಿ. ರಾಮನನ್ನು ವಾಕ್ಯದ ಮೂಲೆಯಲ್ಲಾದರೂ ಉಳಿಸಿಕೊಂಡಿದ್ದರು. ನಮ್ಮ ಕಚೇರಿಯಲ್ಲಾಗಿದ್ದರೆ 'ರಾವಣನನ್ನು ಕೊಲ್ಲಲಾಯಿತು' ಎಂದು ಬರೆದು, ರಾಮನಿಗೆ ವಿಚಾರಣೆಯೇ ಬರದಂತೆ ನೋಡಿಕೊಳ್ಳುತ್ತಿದ್ದೆವು. ಕನ್ನಡದ ವ್ಯಾಕರಣ ಸಂಸ್ಕೃತದ ನೆರಳಾಗಬಾರದು ಎಂದು ಡಿ.ಎನ್. ಶಂಕರ ಭಟ್ಟರು ೨೦೦೦ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕವನ್ನೇ ಬರೆದರು. ಅವರ ಎಲ್ಲ ವಾದಗಳನ್ನೂ ಒಪ್ಪಬೇಕಾಗಿಲ್ಲ. ಆದರೆ ನಮ್ಮ ಮಾತಿನ ಜಾಯಮಾನ ಏನೆಂದು ನಮ್ಮ ಮಾತನ್ನೇ ಕೇಳಿ ತಿಳಿಯಬೇಕೆಂಬುದನ್ನು ಅಲ್ಲಗಳೆಯುವುದು ಹೇಗೆ?

ಇದು ಬರಿಯ ವ್ಯಾಕರಣದ ಜಗಳವಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮದೇ ಒಂದು ಕಥೆಯನ್ನು ಹೇಳುತ್ತೇವೆ. ಇದರಲ್ಲಿ ನಮಗೇನೂ ಹೆಮ್ಮೆಯಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಕಲಬುರಗಿ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಮನೆಗೆ ಬಂದಳು. ಗಂಡ ಕೇಂದ್ರ ಸರ್ಕಾರದಲ್ಲಿ ಜವಾನನಾಗಿದ್ದು ತೀರಿಕೊಂಡಿದ್ದ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿ ಐದು ತಿಂಗಳಾಗಿತ್ತು. ಕಚೇರಿಯಿಂದ ಒಂದು ಇಂಗ್ಲಿಷ್ ಪತ್ರ ಬಂದಿತ್ತು. ಅದನ್ನು ನಾಲ್ಕು ಮಂದಿಗೆ ತೋರಿಸಿದ್ದಳಂತೆ. ನಾಲ್ವರೂ ಓದಿದರು, ಯಾರಿಗೂ ಅರ್ಥವಾಗಲಿಲ್ಲ. ಕನ್ನಡದವರು, ಸರ್ಕಾರಿ ನೌಕರರು ಎಂದು ಯಾರೋ ನಮ್ಮ ವಿಳಾಸ ಕೊಟ್ಟಿದ್ದರು. ಪತ್ರ ತೆರೆದು ನೋಡಿದೆವು. ದಾಖಲೆಗಳಲ್ಲಿ ವ್ಯತ್ಯಾಸ ಕಂಡುಬಂದಿರುವುದರಿಂದ ಅಗತ್ಯ ಕ್ರಮ ಪೂರೈಸುವವರೆಗೆ ಪ್ರಕರಣವನ್ನು ಪರಿಗಣಿಸಲು ಸಾಧ್ಯವಾಗಿರುವುದಿಲ್ಲ ಎಂಬುದು ಅದರ ಸಾರಾಂಶ. ಸಹಿ ಅಧಿಕಾರಿಯದು. ಕರಡು ನಮ್ಮದು.

ಹೌದು, ಆ ಪತ್ರವನ್ನು ಬರೆದವರು ನಾವೇ. ಏನು ವ್ಯತ್ಯಾಸ ಎಂಬುದೂ ನಮಗೆ ನೆನಪಿತ್ತು. ಆತನ ಹೆಸರು ಸೇವಾ ಪುಸ್ತಕದಲ್ಲಿ ಒಂದು ರೀತಿಯಾಗಿತ್ತು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ರೀತಿ. ಸೇವಾ ಪುಸ್ತಕದಲ್ಲಿ ತಪ್ಪಾಗಿ ಬರೆದವರು ಕಚೇರಿಯವರು. ಪತ್ರವನ್ನು ನೇರವಾಗಿ ಬರೆದಿದ್ದರೆ ಹೀಗಿರುತ್ತಿತ್ತು: 'ನಿಮ್ಮ ಯಜಮಾನರ ಹೆಸರನ್ನು ನಾವು ಸೇವಾ ಪುಸ್ತಕದಲ್ಲಿ ತಪ್ಪಾಗಿ ಬರೆದಿದ್ದೇವೆ. ಎರಡೂ ಹೆಸರು ಒಬ್ಬರದೇ ಎಂದು ಒಂದು ಪ್ರಮಾಣಪತ್ರ ಮಾಡಿಸಿ ಕಳುಹಿಸಿ. ಹಣ ಬರುತ್ತದೆ.' ಎಷ್ಟು ಸುಲಭ! ಬರೆಯಲು ಬಾರದೆ ಬಿಟ್ಟೆವೆ? ಅಲ್ಲ. 'ನಾವು ತಪ್ಪಾಗಿ ಬರೆದಿದ್ದೇವೆ' ಎಂಬ ಮೂರು ಪದಗಳನ್ನು ಬರೆಯಲು ಅಂಜಿದೆವು. ಆ ಮೂರು ಪದ ತಪ್ಪಿಸಲಿಕ್ಕೆ ಮೂವತ್ತು ಪದ ಬಳಸಿದೆವು. ಆ ಮೂವತ್ತು ಪದಗಳ ಬೆಲೆಯನ್ನು ಐದು ತಿಂಗಳು ತೆತ್ತವಳು ನಮ್ಮ ಮುಂದೆ ನಮ್ಮದೇ ಕುರ್ಚಿಯಲ್ಲಿ ಕುಳಿತಿದ್ದಳು, ಮತ್ತು ನಮಗೆ ಕೈಮುಗಿಯುತ್ತಿದ್ದಳು.

ಬ್ರಿಟನ್ನಿನವರಿಗೂ ಈ ರೋಗ ಗೊತ್ತಿತ್ತು. ಅಲ್ಲಿಯ ಖಜಾನೆ ಇಲಾಖೆಯ ಕೋರಿಕೆಯ ಮೇರೆಗೆ ಸರ್ ಅರ್ನೆಸ್ಟ್ ಗವರ್ಸ್ ಎಂಬ ಅಧಿಕಾರಿ ಸರ್ಕಾರಿ ನೌಕರರಿಗಾಗಿಯೇ 'ಪ್ಲೇನ್ ವರ್ಡ್ಸ್' ಎಂಬ ಪುಸ್ತಕ ಬರೆದರು. ಅದು ೧೯೪೮ರಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ೨೦೧೦ರಲ್ಲಿ, ಸರ್ಕಾರ ಜನರಿಗೆ ಅರ್ಥವಾಗುವಂತೆ ಬರೆಯಬೇಕೆಂದು ಕಾನೂನೇ ಬಂತು. ಅವರು ಕಚೇರಿಯೊಳಗಿನಿಂದ ಈ ಭಾಷೆಯನ್ನು ಓಡಿಸಲು ಹೆಣಗುತ್ತಿರುವಾಗ, ನಾವು ಅದನ್ನು ಕಚೇರಿಯಿಂದ ಕರೆತಂದು ಕಥೆಯ ಪೀಠದಲ್ಲಿ ಕೂರಿಸುತ್ತಿದ್ದೇವೆ!

ಈಗ ಕಥಾಸ್ಪರ್ಧೆಯ ವಿಷಯಕ್ಕೆ ಬರೋಣ. ಈ ವರ್ಷ ಬಂದ ಕಥೆಗಳನ್ನು ಓದುವ ಕೆಲಸ ನಮ್ಮನ್ನೂ ಸೇರಿಸಿ ಮೂವರ ಪಾಲಿಗೆ ಬಂದಿತ್ತು. ಒಟ್ಟು ಇಪ್ಪತ್ತಮೂರು. ರಾತ್ರಿ ಊಟವಾದ ಮೇಲೆ ಒಂದೊಂದನ್ನು ಜೋರಾಗಿ ಓದುತ್ತಿದ್ದೆವು. ಹದಿನಾಲ್ಕು ವರ್ಷದ ನಮ್ಮ ಮಗಳು ಕೇಳುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಕನ್ನಡದ ಅಕ್ಷರಗಳನ್ನು ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ತರಗತಿಯಲ್ಲಿ ಕಲಿತಳು. ಭಾಷೆ ಮಾತ್ರ ಕಿವಿಯಿಂದ ಬಂದದ್ದು. ಊರಿನಿಂದ ಅಜ್ಜಿ ಬಂದು ಕಥೆ ಹೇಳಿದರೆ ಒಂದು ಪದವೂ ಬಿಡದೆ ಅರ್ಥ ಮಾಡಿಕೊಳ್ಳುತ್ತಾಳೆ.

ಒಂದು ಕಥೆಯ ಮೊದಲ ವಾಕ್ಯ ಹೀಗಿತ್ತು. ಬರೆದವರ ಒಪ್ಪಿಗೆ ಪಡೆದೇ ಕೊಡುತ್ತಿದ್ದೇವೆ. 'ಪ್ರಕೃತಿಮಾತೆಯ ಮಡಿಲಿನಲ್ಲಿ ನೆಲೆಸಿರುವಂತಹ ಆ ರಮಣೀಯ ಗ್ರಾಮದಲ್ಲಿ ಅರುಣೋದಯದ ಹೊಂಗಿರಣಗಳು ಪಸರಿಸಲ್ಪಡುತ್ತಿದ್ದಂತಹ ಸಂದರ್ಭದಲ್ಲಿ ದುರ್ವಾರ್ತೆಯೊಂದು ತಲುಪಿಸಲ್ಪಟ್ಟು ಆ ಸುಸಂಸ್ಕೃತ ಕುಟುಂಬವು ದುಃಖಸಾಗರದಲ್ಲಿ ಮುಳುಗಿಸಲ್ಪಟ್ಟಿತು.' ಹೀಗೆ ನಾಲ್ಕು ಪುಟ. ಮುಗಿದ ಮೇಲೆ ಮಗಳು ಕೇಳಿದಳು: 'ಅಪ್ಪಾ, ಸತ್ತದ್ದು ಯಾರು?'

ನಾವು ಮತ್ತೊಮ್ಮೆ ಓದಿದೆವು. ಸತ್ತವರು ಯಾರೆಂದು ನಮಗೂ ಗೊತ್ತಾಗಲಿಲ್ಲ. 'ಹಿರಿಯ ಚೇತನ' ಎಂದು ಒಂದೆಡೆ ಇತ್ತು, ತಂದೆಯಿರಬಹುದೆಂದುಕೊಂಡೆವು. ಮರುದಿನ ಬರೆದವರಿಗೆ ಫೋನು ಮಾಡಿ ಕೇಳಿದೆವು. ಅವರು ಇದೇ ನಗರದ ಇನ್ನೊಂದು ತುದಿಯಲ್ಲಿ ಕೆಲಸದಲ್ಲಿರುವವರು, ಕೋಲಾರದ ಕಡೆಯವರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

'ನಮ್ಮಣ್ಣ ಸಾರ್. ಮೂರು ಕಡೆ ಬೋರು ಹಾಕ್ಸಿದ. ಎರಡ್ರಲ್ಲಿ ಬರೀ ಧೂಳು ಬಂತು. ಮೂರನೇದ್ರಲ್ಲಿ ಹದಿನೈದು ದಿವ್ಸ ನೀರು ಬಂದು ನಿಂತೋಯ್ತು. ಆ ಹದಿನೈದು ದಿವ್ಸದಲ್ಲಿ ಎರಡೆಕರೆ ಟೊಮೆಟೊ ನೆಟ್ಟುಬಿಟ್ಟಿದ್ದ. ಆಮೇಲೆ ಬಿಂದಿಗೇಲಿ ನೀರು ಹೊತ್ತು ಹಾಕ್ತಿದ್ದ, ಅತ್ಗೆ ಬೇಡ ಅಂದ್ರೂ ಕೇಳ್ತಿರ್ಲಿಲ್ಲ. ಆವತ್ತು ರಾತ್ರಿ ನಂಗೆ ಮೂರು ಸಲ ಫೋನ್ ಮಾಡಿದ. ದುಡ್ಡು ಕೇಳ್ತಾನೆ ಅಂತ ನಾನು ಎತ್ಲಿಲ್ಲ.'

ನಾವು ಮೂಕರಾಗಿ ಫೋನು ಹಿಡಿದುಕೊಂಡಿದ್ದೆವು. ಮತ್ತೆ ಕಥೆಯ ಹಾಳೆ ತಿರುವಿ ನೋಡಿದೆವು. ಮೂರನೆಯ ಪುಟದಲ್ಲಿ ಆ ರಾತ್ರಿಯ ವಿಷಯ ಇತ್ತು. ಒಂದೇ ವಾಕ್ಯ: 'ಅಂದು ದೂರವಾಣಿ ಸಂಪರ್ಕವು ಸಾಧ್ಯವಾಗಲಿಲ್ಲ.'

ಓದುಗರು ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 'ನಾನು ಎತ್ತಲಿಲ್ಲ.' 'ಸಂಪರ್ಕವು ಸಾಧ್ಯವಾಗಲಿಲ್ಲ.' ಎರಡನೆಯದು ಪ್ರೌಢ, ಗಂಭೀರ. ಹಿರಿಯ ಸದಸ್ಯರ ನಿಯಮಕ್ಕೆ ಸರಿಯಾಗಿ ಒಪ್ಪುವಂಥದ್ದು. ಮೊದಲನೆಯದು ಕಥೆ. ಯಾಕೆ ಹಾಗೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ, 'ಅದು ಸಾಹಿತ್ಯ ಅನ್ನಿಸೋಲ್ಲ ಸಾರ್' ಎಂದರು. ಇನ್ನೂ ಸ್ವಲ್ಪ ತಡೆದು, 'ಬರೆದ್ರೆ ನಾನೇ ಮಾಡಿದ್ದು ಅಂತ ಆಗತ್ತಲ್ಲ' ಎಂದರು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೆಲ್ಲ ಆ ಎರಡನೆಯ ಮಾತಿನಲ್ಲಿದೆ. ಪಿಂಚಣಿಯ ಪತ್ರದಲ್ಲಿ ನಾವು ಮಾಡಿದ್ದೂ ಅದನ್ನೇ. ಅವರಿಗೆ ನೋವಿತ್ತು, ನಮಗೆ ಬರಿಯ ಹೆದರಿಕೆಯಿತ್ತು, ಅಷ್ಟೇ ಅಂತರ.

ನಾವು ವಿಜ್ಞಾನ ಓದಿದವರು. ಪ್ರಯೋಗಶಾಲೆಯಲ್ಲಿ ಒಂದು ಬಿಳಿಯ ಲವಣ ಕೊಟ್ಟು ಅದೇನೆಂದು ಕಂಡುಹಿಡಿ ಎನ್ನುತ್ತಿದ್ದರು. ಲವಣದ ದ್ರಾವಣಕ್ಕೆ ಫೆರಸ್ ಸಲ್ಫೇಟು ಬೆರೆಸಿ, ಪ್ರನಾಳವನ್ನು ಓರೆಯಾಗಿ ಹಿಡಿದು, ಗಂಧಕಾಮ್ಲವನ್ನು ಮೆಲ್ಲಗೆ ಬದಿಯಿಂದ ಇಳಿಬಿಟ್ಟರೆ ಎರಡು ದ್ರವ ಸೇರುವಲ್ಲಿ ಕಂದು ಬಣ್ಣದ ಉಂಗುರ ಮೂಡುತ್ತದೆ. ಆಗ 'ನೈಟ್ರೇಟ್ ಇದೆ' ಎಂದು ಬರೆಯಬೇಕು. ದಾಖಲೆ ಪುಸ್ತಕದಲ್ಲಿ ಮೂರು ಕಂಬ: ಮಾಡಿದ್ದು, ಕಂಡದ್ದು, ತಿಳಿದದ್ದು. ಮೊದಲೆರಡು ಕಂಬಗಳನ್ನು ಖಾಲಿ ಬಿಟ್ಟು ಮೂರನೆಯದರಲ್ಲಿ ನೈಟ್ರೇಟ್ ಎಂದು ಬರೆದವನಿಗೆ ನಮ್ಮ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರು. ಉತ್ತರ ಸರಿಯಿದ್ದರೂ ಸೊನ್ನೆಯೇ. 'ನೀನು ಕಂಡಿಲ್ಲ, ಪಕ್ಕದವನನ್ನು ಕೇಳಿದ್ದೀಯೆ' ಎನ್ನುತ್ತಿದ್ದರು.

ನಮ್ಮ ಕಥೆಗಳ ಕಾಯಿಲೆ ಇದೇ. 'ಅವಳು ಅತೀವ ದುಃಖಿತಳಾದಳು' ಎಂಬುದು ಮೂರನೆಯ ಕಂಬ. ಅವಳು ಏನು ಮಾಡಿದಳು? ಬರೆದವರು ಏನು ಕಂಡರು? ಅಳುತ್ತ ಕುಳಿತಳೋ, ಇಲ್ಲ ಏನೂ ಆಗದವಳಂತೆ ಅಕ್ಕಿ ಆರಿಸುತ್ತ ಕಲ್ಲನ್ನೂ ಅಕ್ಕಿಯನ್ನೂ ಒಟ್ಟಿಗೇ ಮೊರದಿಂದ ಆಚೆ ಹಾಕಿದಳೋ? ಕಂಡದ್ದನ್ನು ಬರೆದರೆ ದುಃಖವನ್ನು ಓದುಗನೇ ತಿಳಿಯುತ್ತಾನೆ. ಆಗ ಅದು ಅವನದೂ ಆಗುತ್ತದೆ. ಬಿಂದಿಗೆಯಲ್ಲಿ ನೀರು ಹೊತ್ತು ಎರಡೆಕರೆ ಟೊಮೆಟೊ ಉಳಿಸಲು ಹೊರಟವನನ್ನು ನಾವು ಇನ್ನು ಮರೆಯುವಂತಿಲ್ಲ. 'ದುಃಖಸಾಗರ'ವನ್ನು ಮಾತ್ರ ಆಗಲೇ ಮರೆತಿದ್ದೇವೆ, ಏಕೆಂದರೆ ಇಪ್ಪತ್ತಮೂರು ಕಥೆಗಳಲ್ಲಿ ಅದು ಹನ್ನೊಂದು ಸಲ ಉಕ್ಕಿತ್ತು.

ಇದೆಲ್ಲ ಪಶ್ಚಿಮದಿಂದ ತಂದ ಮಾತು, ನಮ್ಮ ಪರಂಪರೆ ಪ್ರೌಢವಾದದ್ದು ಎಂದು ಕೆಲವರು ಹೇಳಿಯಾರು. ಪರಂಪರೆಯನ್ನೇ ನೋಡೋಣ. ನಮ್ಮ ನಾಡಿನ ದಾನಶಾಸನಗಳು ಸರ್ಕಾರಿ ಕಾಗದಗಳೇ ತಾನೆ? ಹೊಗಳಿಕೆಯ ಭಾಗದಲ್ಲಿ ಅವು ಎಷ್ಟು ಬೇಕಾದರೂ ಹಿಗ್ಗಲಿ. ದಾನದ ಭಾಗಕ್ಕೆ ಬಂದರೆ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು, ಎಲ್ಲೆ ಯಾವುದು, ಕೆಡಿಸಿದವನಿಗೆ ಯಾವ ಪಾಪ ಎಂದು ಕಲ್ಲಿನಲ್ಲಿ ಕೊರೆದಿಡುತ್ತವೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕೆಲಸ ಮಾಡಿದವರೆಂದು ಪರಂಪರೆ ಹೇಳುತ್ತದೆ. ಲೆಕ್ಕಪತ್ರದ ನಡುವೆ ಇದ್ದವರು ಬೀದಿಯ ಮಾತಿನಲ್ಲಿ ವಚನ ಹೇಳಿದರು, 'ನಾನು' ಎಂದು ಹೇಳಿಕೊಂಡು ತಮ್ಮ ತಪ್ಪನ್ನೇ ಎತ್ತಿ ಆಡಿಕೊಂಡರು.

ಮುದ್ದಣನ 'ಶ್ರೀರಾಮಾಶ್ವಮೇಧ'ವನ್ನು ನೆನೆಯಿರಿ. ಅದರ ಹಳಗನ್ನಡ ಇಂದು ನಮಗೆ ಕಷ್ಟವೇ. ಆದರೆ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ಆ ಕವಿ ಮಾಡಿದ ದೊಡ್ಡ ಉಪಕಾರವೆಂದರೆ ಕಥೆ ಹೇಳುವವನ ಎದುರಿಗೆ ಕೇಳುವವಳೊಬ್ಬಳನ್ನು ಕೂರಿಸಿದ್ದು. ಮನೋರಮೆ ಸುಮ್ಮನೆ ಹೂಂಗುಟ್ಟುವವಳಲ್ಲ. ಕಥೆ ಗದ್ಯದಲ್ಲೇ ಆಗಬೇಕೆನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ವರ್ಣನೆ ಉದ್ದವಾದರೆ ಗಂಡನೆಂದೂ ನೋಡದೆ ಕೆಣಕುತ್ತಾಳೆ. ನಮ್ಮ ಬರಹಗಾರರಿಗೆ ಇಂದು ಬೇಕಾಗಿರುವುದು ಪ್ರೌಢತೆಯ ನಿಯಮವಲ್ಲ, ಒಬ್ಬೊಬ್ಬರ ಮನೆಗೊಬ್ಬ ಮನೋರಮೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸರ್ಕಾರಿ ಸೇವೆಯಲ್ಲಿ ದೊಡ್ಡ ಹುದ್ದೆಗಳಲ್ಲಿದ್ದವರು. ನಮಗಿಂತ ಹೆಚ್ಚು ಕಡತ ಕಂಡವರು. ಅವರ 'ಕೆಲವು ಸಣ್ಣ ಕತೆಗಳು' ೧೯೨೦ರಲ್ಲಿ ಬಂತು. ಅದರ ಕಥೆಗಾರ ಜಗಲಿಯ ಮೇಲೆ ನಮ್ಮ ಪಕ್ಕದಲ್ಲಿ ಕುಳಿತು ಮಾತಾಡುತ್ತಾನೆಯೇ ಹೊರತು ವೇದಿಕೆ ಹತ್ತಿ ಭಾಷಣ ಮಾಡುವುದಿಲ್ಲ. ಕಚೇರಿಯ ಭಾಷೆಯನ್ನು ಅವರು ಕಚೇರಿಯಲ್ಲೇ ಬಿಟ್ಟು ಬರುತ್ತಿದ್ದರು. ನಾವು ಅದನ್ನು ಊಟದ ಡಬ್ಬಿಯ ಜೊತೆಗೆ ಮನೆಗೆ ತರುತ್ತಿದ್ದೇವೆ.

ಹೊರನಾಡಿನವರ ಉದಾಹರಣೆಯೇ ಬೇಕೆಂದರೆ ಬಿ.ಜಿ.ಎಲ್. ಸ್ವಾಮಿಯವರಿದ್ದಾರೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡು, ಗಿಡಮರಗಳನ್ನು ಹುಡುಕುತ್ತ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ್ದನ್ನು 'ಹಸುರು ಹೊನ್ನು' ಎಂದು ಬರೆದರು. ೧೯೭೮ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸಸ್ಯಶಾಸ್ತ್ರಕ್ಕಿಂತ ಪ್ರೌಢವಾದ ವಿಷಯ ಬೇಕೆ? ಅದನ್ನೋದಿ ನಾವು ಬಸ್ಸಿನಲ್ಲಿ ನಕ್ಕು ಪಕ್ಕದವರ ಕೆಂಗಣ್ಣಿಗೆ ಗುರಿಯಾಗಿದ್ದೇವೆ. ಗಿಡದ ಹೆಸರು ಲ್ಯಾಟಿನ್ನಿನಲ್ಲಿರಲಿ, ಅದನ್ನು ಕಿತ್ತವನು ಯಾರು, ಕಚ್ಚಿ ನೋಡಿದವನು ಯಾರು, ಬಾಯಿ ಉರಿದು ಕುಣಿದವನು ಯಾರು ಎಂಬುದರಲ್ಲಿ ಸ್ವಾಮಿಯವರು ಅನುಮಾನ ಉಳಿಸುವುದಿಲ್ಲ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಿ ಮುಗಿಸುತ್ತೇವೆ.

ಮೊದಲನೆಯದು: ಸಂಸ್ಕೃತ ಪದಗಳನ್ನೆಲ್ಲ ಓಡಿಸಬೇಕೆಂದು ನಮ್ಮ ಹಟವೋ? ಖಂಡಿತ ಅಲ್ಲ. ಹಾಗೊಂದು ಹಟ ಹಿಡಿದು ಆಂಡಯ್ಯ ಹದಿಮೂರನೆಯ ಶತಮಾನದಲ್ಲೇ 'ಕಬ್ಬಿಗರ ಕಾವ' ಬರೆದು ಗೆದ್ದ. ಆ ಸಾಹಸ ಅವನಿಗೇ ಇರಲಿ. 'ದುಃಖ' ಸಂಸ್ಕೃತ, 'ಬಸ್ಸು' ಇಂಗ್ಲಿಷು, 'ಅರ್ಜಿ' ಎಲ್ಲಿಂದಲೋ ಬಂದದ್ದು. ಮೂರೂ ನಮ್ಮ ಅಮ್ಮಂದಿರ ಬಾಯಲ್ಲಿವೆ, ಮೂರೂ ಕನ್ನಡ. ಅಚ್ಚಗನ್ನಡದಲ್ಲಿಯೂ ಮೋಸ ಮಾಡಬಹುದು. 'ಹೇಗೋ ಏನೋ ಆಗಿಹೋಯಿತು' ಎಂಬುದರಲ್ಲಿ ಒಂದೂ ಸಂಸ್ಕೃತ ಪದವಿಲ್ಲ, ಮಾಡಿದವನೂ ಇಲ್ಲ. ಪದ ಎಲ್ಲಿಂದ ಬಂತೆಂದು ನಾವು ಕೇಳುತ್ತಿಲ್ಲ. ಮಾಡಿದವನು ಎಲ್ಲಿಗೆ ಹೋದ ಎಂದು ಕೇಳುತ್ತಿದ್ದೇವೆ.

ಎರಡನೆಯದು: ಎಲ್ಲವನ್ನೂ ಬಿಡಿಸಿ ಹೇಳಿದರೆ ಸಾಹಿತ್ಯದ ಆಳ ಎಲ್ಲಿ ಉಳಿಯಿತು? ಆಳಕ್ಕೂ ಕದಡಿಗೂ ಸಂಬಂಧವಿಲ್ಲ. ನಮ್ಮೂರ ಬಾವಿ ಆರು ಆಳು ಆಳವಿತ್ತು. ಬಿದ್ದ ತಂಬಿಗೆ ತಳದಲ್ಲಿ ಹೊಳೆಯುವುದು ಮೇಲಿಂದ ಕಾಣುತ್ತಿತ್ತು. ಎಮ್ಮೆ ಹೊರಳುವ ಗುಂಡಿ ಮೊಣಕಾಲುದ್ದ. ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರ 'ಶಿಕಾರಿ' ೧೯೭೯ರಲ್ಲಿ ಬಂದ ಕಾದಂಬರಿ. ಅದು ಸುಲಭದ ಓದಲ್ಲ. ಆದರೆ ಅದು ತೊಡಕಾಗಿರುವುದು ಲೇಖಕರು ಸಂಗತಿಯನ್ನು ಮುಚ್ಚಿಟ್ಟದ್ದರಿಂದಲ್ಲ. ಒಬ್ಬ ಮನುಷ್ಯನನ್ನು ಯಾರು, ಏಕೆ ಬೇಟೆಯಾಡುತ್ತಿದ್ದಾರೆ ಎಂದು ಬಿಡದೆ ಕೇಳುತ್ತ ಹೋಗುವುದರಿಂದ. ಮನುಷ್ಯ ತೊಡಕಾಗಿದ್ದರೆ ಕಥೆ ತೊಡಕಾಗಲಿ. ವಾಕ್ಯವೇಕೆ ತೊಡಕಾಗಬೇಕು?

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆವು. ಈ ಪತ್ರಿಕೆಯನ್ನು ಓದುವವರ ತಲೆ ನರೆಯುತ್ತಿದೆ. ಮುಂದೆ ಓದಬೇಕಾದವರು ಕಿವಿಯಿಂದ ಕನ್ನಡ ಕಲಿತ ನಮ್ಮ ಮಕ್ಕಳು. ಅವರಿಗೆ ಗೊತ್ತಿರುವ ಕನ್ನಡ ಅಡಿಗೆಮನೆಯದು, ಅಜ್ಜಿಯದು, ಊರಿನ ಫೋನಿನದು. ಅದು ಕಡಿಮೆ ಕನ್ನಡವಲ್ಲ. ಅದರಲ್ಲಿ ಸಾವೂ ಇದೆ, ಸಾಲವೂ ಇದೆ, ಜೋಕೂ ಇದೆ. ಆ ಕನ್ನಡದಿಂದ ನಮ್ಮ ಪತ್ರಿಕೆಯ ಬಾಗಿಲವರೆಗೆ ಅವರು ನಡೆದು ಬಂದಾಗ, ಬಾಗಿಲಲ್ಲಿ 'ಪಸರಿಸಲ್ಪಡುತ್ತಿದ್ದಂತಹ' ಎಂಬ ಕಾವಲುಗಾರನನ್ನು ನಿಲ್ಲಿಸಿದರೆ ಅವರು ಹಿಂದಿರುಗಿ ಹೋಗುತ್ತಾರೆ. ಹೋದರೆಂದು ಮೇಲಿಂದ ಅವರನ್ನೇ ಬಯ್ಯುತ್ತೇವೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸ್ಪರ್ಧೆಯ ನಿಯಮಗಳಿಗೆ ಸಾಲು ಸೇರಿಸಲೇಬೇಕೆಂದಿದ್ದರೆ ಇದನ್ನು ಸೇರಿಸಿರಿ: 'ಕಳುಹಿಸುವ ಮುನ್ನ ಕಥೆಯನ್ನು ಮನೆಯವರೆದುರು ಒಮ್ಮೆ ಜೋರಾಗಿ ಓದಿರಿ. ಅವರು ಯಾರು, ಏನು ಎಂದು ಕೇಳಿದ ಕಡೆಯಲ್ಲೆಲ್ಲ ತಿದ್ದಿರಿ.' ಇದಕ್ಕೆ ಪಾಂಡಿತ್ಯ ಬೇಡ, ಖರ್ಚೂ ಇಲ್ಲ. ಹಾಗೆ ಓದುವಾಗ ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಹೆಚ್ಚಾಗಿ ನಾವು ಏನನ್ನೋ ಬಚ್ಚಿಟ್ಟಿರುತ್ತೇವೆ.

ಆ ಕೋಲಾರದ ಕಡೆಯವರು ತಮ್ಮ ಕಥೆಯನ್ನು ವಾಪಸು ಪಡೆದಿದ್ದಾರೆ. ಮತ್ತೆ ಬರೆಯುತ್ತಾರೋ ಇಲ್ಲವೋ ತಿಳಿಯದು. ಅಂಥದನ್ನು ಬರೆಯಿರೆಂದು ಒತ್ತಾಯಿಸಲು ನಾವು ಯಾರು? ಆದರೆ ಒಂದು ದಿನ ಅವರು 'ನಾನು ಎತ್ತಲಿಲ್ಲ' ಎಂದು ಬರೆದು ಕಳುಹಿಸಿದರೆನ್ನಿ, ನಮ್ಮ ಹೊಸ ನಿಯಮದ ಪ್ರಕಾರ ಅದು ಪ್ರೌಢವಲ್ಲವೆಂದು ತಿರಸ್ಕರಿಸಬೇಕಾದೀತು. ಹಾಗಾಗಬಾರದೆಂದೇ ಈ ಜಗಳ.

ಆದ್ದರಿಂದ ಮುಂದಿನ ಸಭೆಯಲ್ಲಿ ಆ ಸಲಹೆಯನ್ನು ಮತ್ತೆ ಚರ್ಚೆಗೆ ತರಬೇಕೆಂದು ಕೇಳಿಕೊಳ್ಳುತ್ತೇವೆ. ಏನೇ ತೀರ್ಮಾನವಾಗಲಿ, ನಡವಳಿಯಲ್ಲಿ ಈ ಸಲ ಕರ್ತೃಪದವಿರಲಿ. ಬೇಕೆಂದವರು ಇಂಥವರು, ಬೇಡವೆಂದವರು ಇಂಥವರು ಎಂದು ಹೆಸರು ಹಿಡಿದು ಬರೆಯಿರಿ. ಬೇಡವೆಂದವರ ಪಟ್ಟಿಯಲ್ಲಿ ಮೊದಲನೆಯ ಹೆಸರು ನಮ್ಮದು.